ಡಾಕ್ಟರ್ ಕೋಟ್ನಿಸ್

ಸೊಲ್ಲಾಪುರ ಮಹಾರಾಷ್ಟ್ರದ ಗಡಿಯಲ್ಲಿರುವ ಊರು. ಶಿವಯೋಗಿ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿ ಕೀರ್ತಿ ತಂದುಕೊಟ್ಟ ಈ ಊರಿನ ಬೀದಿಗಳಲ್ಲಿ ಕನ್ನಡ, ಮರಾಠಿ, ತೆಲುಗು ಮೂರು ನುಡಿಗಳೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಬಟ್ಟೆಯ ಗಿರಣಿಗಳು ತಲೆಯೆತ್ತಿದವು. ಅಂಥ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದ ಶಾಂತಾರಾಮ ಕೋಟ್ನಿಸರ ಮನೆಯಲ್ಲಿ 1910ನೆಯ ಇಸವಿ ಅಕ್ಟೋಬರ್ 10ರಂದು ದ್ವಾರಕಾನಾಥರು ಜನಿಸಿದರು. ಮಕ್ಕಳು ಹಲವರಿದ್ದ ಸಂಸಾರ, ಆದಾಯ ಮಿತವಾದದ್ದು. ಆದರೂ ಮಗ ವೈದ್ಯನಾಗಬೇಕೆಂಬ ಹಂಬಲಕ್ಕೆ ಮನೆಯವರು ಅಡ್ಡಿಯಾಗಲಿಲ್ಲ.

ಅವರ ಬಾಲ್ಯ ಮತ್ತು ತಾರುಣ್ಯದ ಸೊಲ್ಲಾಪುರ ಶಾಂತವಾದ ಊರಾಗಿರಲಿಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ತಲುಪಿದಾಗ ಗಿರಣಿಯ ಕಾರ್ಮಿಕರೂ ನಾಗರಿಕರೂ ಸಿಡಿದೆದ್ದರು. ಸರ್ಕಾರ ಸೇನಾಶಾಸನವನ್ನು ಹೇರಿತು. ಮರುವರ್ಷ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಇದೆಲ್ಲ ನಡೆದಾಗ ದ್ವಾರಕಾನಾಥರಿಗೆ ಇಪ್ಪತ್ತರ ಪ್ರಾಯ.

ವೈದ್ಯಶಾಸ್ತ್ರದ ಅಧ್ಯಯನಕ್ಕಾಗಿ ಅವರು ಸೇರಿದ್ದು ಮುಂಬಯಿಯ ಸೇಠ್ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜನ್ನು. ಈ ಸಂಸ್ಥೆಯ ವಿಷಯವಾಗಿ ಎರಡು ಮಾತು ಹೇಳಬೇಕು. ಆ ಕಾಲದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮೇಲುಹುದ್ದೆಗಳೆಲ್ಲ ಬಹುಮಟ್ಟಿಗೆ ಬ್ರಿಟಿಷ್ ಅಧಿಕಾರಿಗಳ ಪಾಲಾಗಿದ್ದವು. ಭಾರತೀಯ ವೈದ್ಯರು ಎಷ್ಟೇ ಯೋಗ್ಯರಾಗಿದ್ದರೂ ಬೋಧಕ ಪೀಠಕ್ಕೆ ಏರುವುದು ದುಸ್ತರವಾಗಿತ್ತು. 1926ರಲ್ಲಿ ಆರಂಭವಾದ ಈ ಕಾಲೇಜಿಗೆ ಹಣವಿತ್ತ ದತ್ತಿಯವರು ಬೋಧಕರೆಲ್ಲ ಅರ್ಹ ಭಾರತೀಯರೇ ಆಗಿರಬೇಕೆಂಬ ನಿಬಂಧನೆಯನ್ನು ಹಾಕಿದ್ದರು. ಕಾಲೇಜಿಗೆ ಹೊಂದಿಕೊಂಡಂತೆಯೇ ಕೆ. ಇ. ಎಂ. ಆಸ್ಪತ್ರೆಯೂ ಇತ್ತು. ಬೆಳಿಗ್ಗೆ ರೋಗಿಯ ನಾಡಿ ಹಿಡಿದ ವೈದ್ಯರೇ ಮಧ್ಯಾಹ್ನ ತರಗತಿಯಲ್ಲಿ ನಿಂತು ಪಾಠ ಹೇಳುವ ಪದ್ಧತಿಯನ್ನು ದ್ವಾರಕಾನಾಥರು ಅಲ್ಲಿ ಕಣ್ಣಾರೆ ಕಂಡರು. ಪದವಿ ಪಡೆದ ಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಿನ ವ್ಯಾಸಂಗ ಮಾಡುವ ಸಿದ್ಧತೆಯಲ್ಲಿ ತೊಡಗಿದರು. ಅದು ಕೈಗೂಡಿದ್ದರೆ ಮುಂಬಯಿಯ ಪ್ರಸಿದ್ಧ ಶಸ್ತ್ರವೈದ್ಯರ ಸಾಲಿನಲ್ಲಿ ಅವರಿಗೂ ಒಂದು ಸ್ಥಾನ ದೊರೆಯುತ್ತಿತ್ತೆಂದು ಊಹಿಸಬಹುದು.

ಆದರೆ 1937ರ ಜುಲೈ ತಿಂಗಳಲ್ಲಿ ಜಪಾನ್ ದೇಶವು ಚೀನದ ಮೇಲೆ ಪೂರ್ಣಪ್ರಮಾಣದ ಯುದ್ಧವನ್ನು ಆರಂಭಿಸಿತು. ಚೀನದ ಎಂಟನೆಯ ಮಾರ್ಗ ಸೇನೆಯ ದಂಡನಾಯಕ ಝೂ ದೆ ಅವರು ವೈದ್ಯರನ್ನು ಕಳುಹಿಸಿಕೊಡುವಂತೆ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದ ಜನತೆಯಲ್ಲಿ ಮನವಿ ಮಾಡಿ 22,000 ರೂಪಾಯಿಗಳನ್ನೂ ಒಂದು ಆಂಬುಲೆನ್ಸ್ ವಾಹನವನ್ನೂ ಕೂಡಿಸಿದರು. ತಾನೇ ದಾಸ್ಯದಲ್ಲಿದ್ದ ದೇಶವೊಂದು ನೆರೆಯ ದೇಶದ ಗಾಯಕ್ಕೆ ಮದ್ದು ಕಳುಹಿಸಲು ಹೊರಟಿತ್ತು. ಮೊತ್ತ ಚಿಕ್ಕದೆಂದು ಇಂದಿನವರಿಗೆ ತೋರಬಹುದು. ಅದನ್ನು ಕೊಟ್ಟವರ ಬಡತನವನ್ನೂ ಜೊತೆಯಲ್ಲಿಟ್ಟು ನೋಡಬೇಕು.

ಐವರು ವೈದ್ಯರ ತಂಡವೊಂದು ಸಿದ್ಧವಾಯಿತು. ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಅಲಹಾಬಾದಿನ ಡಾ. ಮದನಮೋಹನಲಾಲ್ ಅಟಲ್ ಅವರು ಅದರ ನಾಯಕರು. ನಾಗಪುರದ ಡಾ. ಚೋಳ್ಕರ್, ಕಲ್ಕತ್ತೆಯ ಡಾ. ದೇಬೇಶ ಮುಖರ್ಜಿ ಮತ್ತು ಡಾ. ಬಿಜಯಕುಮಾರ ಬಸು ಉಳಿದವರು. ಐದನೆಯವರೇ ಇಪ್ಪತ್ತೇಳು ವರ್ಷದ ಕೋಟ್ನಿಸ್. 1938ರ ಸೆಪ್ಟೆಂಬರ್ ಆರಂಭದಲ್ಲಿ ಮುಂಬಯಿಯಿಂದ ಹಡಗು ಹೊರಟಿತು. ಒಂದೆರಡು ವರ್ಷಗಳಲ್ಲಿ ಮರಳಿ ಬಂದು ವ್ಯಾಸಂಗವನ್ನು ಮುಂದುವರಿಸಬಹುದೆಂದು ಮನೆಯವರು ಎಣಿಸಿದ್ದರೆ ಆಶ್ಚರ್ಯವಿಲ್ಲ.

ಕ್ಯಾಂಟನ್ ಬಂದರಿನಲ್ಲಿ ಅವರನ್ನು ಆದರದಿಂದ ಬರಮಾಡಿಕೊಂಡರು. ಅಲ್ಲಿಂದ ಒಳನಾಡಿಗೆ ಪಯಣ. ವುಹಾನ್ ನಗರದ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದಂತೆಯೇ ಆ ನಗರ ಶತ್ರುವಿನ ಕೈವಶವಾಗುವ ಸೂಚನೆ ಕಂಡಿತು. ತಂಡ ಪಶ್ಚಿಮಕ್ಕೆ ಸರಿದು ಚುಂಗ್‌ಕಿಂಗನ್ನು ಸೇರಿತು. ಉತ್ತರದ ಯೆನಾನ್ ಪ್ರದೇಶಕ್ಕೆ ಹೊರಡುವ ಸಿದ್ಧತೆ ನಡೆದಿರುವಾಗ ಕೋಟ್ನಿಸರಿಗೆ ತಂದೆಯವರು ತೀರಿಕೊಂಡ ಸುದ್ದಿ ಬಂದಿತು. ಸಂಗಡಿಗರು ಊರಿಗೆ ಹಿಂದಿರುಗುವಂತೆ ಒತ್ತಾಯಿಸಿದರು. ಮನೆಯ ಹೊಣೆ ಈಗ ಗಂಡುಮಕ್ಕಳ ಹೆಗಲಿಗೆ ಬಿದ್ದಿತ್ತು. ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಕೋಟ್ನಿಸ್ ಹಿಂದಿರುಗಲಿಲ್ಲ. 1939ರ ಫೆಬ್ರವರಿಯಲ್ಲಿ ಅವರು ಉಳಿದ ನಾಲ್ವರೊಡನೆ ಯೆನಾನನ್ನು ತಲುಪಿದರು.

ಯೆನಾನಿನ ಸುತ್ತ ಹಳದಿ ಮಣ್ಣಿನ ಗುಡ್ಡಗಳು. ಆ ಗುಡ್ಡಗಳ ಪಾರ್ಶ್ವವನ್ನು ಕೊರೆದು ಮಾಡಿದ ಗುಹೆಗಳೇ ಜನರ ವಾಸಸ್ಥಾನ, ಅವೇ ಆಸ್ಪತ್ರೆಯ ಕೊಠಡಿಗಳು. ಔಷಧಗಳೂ ಉಪಕರಣಗಳೂ ಸಾಲದು; ಅದಕ್ಕಿಂತ ದೊಡ್ಡ ಕೊರತೆ ತಿಳಿದವರದು. ಪಾಶ್ಚಾತ್ಯ ವೈದ್ಯಪದ್ಧತಿಯಲ್ಲಿ ಶಿಕ್ಷಣ ಪಡೆದ ವೈದ್ಯರು ಆಗ ಚೀನದಲ್ಲಿ ಬಹು ವಿರಳ. ಇದ್ದವರಲ್ಲಿ ಹೆಚ್ಚಿನವರು ಕರಾವಳಿಯ ದೊಡ್ಡ ನಗರಗಳಲ್ಲಿದ್ದರು. ಆ ನಗರಗಳು ಒಂದೊಂದಾಗಿ ಜಪಾನಿನ ವಶವಾಗಿದ್ದವು. ಒಳನಾಡಿನ ಸೇನೆಯಲ್ಲಿ ಗಾಯಾಳುಗಳ ಶುಶ್ರೂಷೆ ನಡೆಯುತ್ತಿದ್ದುದು ಬಹುತೇಕ ಹಳ್ಳಿಯಿಂದ ಬಂದ ಹದಿಹರೆಯದ ಹುಡುಗರಿಂದ. ಅವರಲ್ಲಿ ಅನೇಕರಿಗೆ ಓದುಬರಹವೂ ಅಷ್ಟಕ್ಕಷ್ಟೆ.

ಯುದ್ಧದ ಗಾಯದ ಸ್ವಭಾವವನ್ನು ಇಲ್ಲಿ ತಿಳಿದುಕೊಳ್ಳಬೇಕು. ಗುಂಡು ದೇಹದೊಳಕ್ಕೆ ಹೊಕ್ಕಾಗ ತನ್ನೊಡನೆ ಮಣ್ಣನ್ನೂ ಬಟ್ಟೆಯ ಚೂರುಗಳನ್ನೂ ಒಯ್ಯುತ್ತದೆ. ನಲುಗಿದ ಮಾಂಸದಲ್ಲಿ ರೋಗಾಣುಗಳು ಕೆಲವೇ ಗಂಟೆಗಳಲ್ಲಿ ವೃದ್ಧಿಯಾಗುತ್ತವೆ. ಆ ಅವಧಿಯೊಳಗೆ ಗಾಯವನ್ನು ಬಿಡಿಸಿ, ಸತ್ತ ಮಾಂಸವನ್ನು ಕತ್ತರಿಸಿ ತೆಗೆದು ಶುದ್ಧಿ ಮಾಡಿದರೆ ಕೈಯೋ ಕಾಲೋ ಉಳಿಯುತ್ತದೆ. ತಡವಾದರೆ ಅದು ಕೊಳೆಯುತ್ತದೆ, ವಿಷ ಮೈಗೇರುತ್ತದೆ. ಪೆನಿಸಿಲಿನ್ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ. ಸಲ್ಫಾ ಔಷಧಗಳು ಶತ್ರುವಿನ ದಿಗ್ಬಂಧನವನ್ನು ದಾಟಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದುದರಿಂದ ಗಾಯಾಳು ಬದುಕುವುದು ಎಲ್ಲೋ ದೂರದಲ್ಲಿರುವ ನಿಪುಣ ವೈದ್ಯನ ಕೈಗುಣದಿಂದಲ್ಲ. ರಣರಂಗಕ್ಕೆ ಸಮೀಪದಲ್ಲಿ ಸರಿಯಾದ ಕ್ರಮವನ್ನು ಬಲ್ಲ ಯಾರಾದರೊಬ್ಬರು ಇರುವುದರಿಂದ. ಅಂಥವರನ್ನು ನೂರಾರು ಸಂಖ್ಯೆಯಲ್ಲಿ ಸಿದ್ಧಪಡಿಸದೆ ಬೇರೆ ದಾರಿಯೇ ಇರಲಿಲ್ಲ. ಶಾಂತಿಕಾಲದ ನಗರಗಳಲ್ಲಿ ಚಿಕಿತ್ಸೆ ಒಂದು ವೃತ್ತಿ, ಬೋಧನೆ ಮತ್ತೊಂದು ವೃತ್ತಿ ಎಂದು ಭಾವಿಸಲು ಅವಕಾಶವುಂಟು. ಆ ಗುಡ್ಡಗಾಡಿನಲ್ಲಿ ಕಲಿಸುವುದೂ ಚಿಕಿತ್ಸೆಯ ಒಂದು ಅಂಗವೇ ಆಗಿತ್ತು.

ಈ ಸತ್ಯವನ್ನು ಕೋಟ್ನಿಸರಿಗಿಂತ ಮುಂಚೆಯೇ ಕಂಡುಕೊಂಡಿದ್ದವರು ಕೆನಡಾ ದೇಶದ ಶಸ್ತ್ರವೈದ್ಯ ನಾರ್ಮನ್ ಬೆಥೂನ್. 1938ರಲ್ಲಿ ಉತ್ತರ ಚೀನದ ಷಾನ್ಸಿ, ಚಹಾರ್, ಹೆಬೆ ಪ್ರಾಂತಗಳು ಕೂಡುವ ಗಡಿಪ್ರದೇಶಕ್ಕೆ ಬಂದ ಅವರು ಉಪಕರಣಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ರಣರಂಗದ ಬೆನ್ನಿಗೇ ನಿಂತು ಶಸ್ತ್ರಚಿಕಿತ್ಸೆ ಮಾಡಿದರು. ಬಿಡುವಾದಾಗ ಸಹಾಯಕರಿಗೆ ಪಾಠ ಹೇಳಿದರು, ಅವರಿಗಾಗಿ ಕೈಪಿಡಿಗಳನ್ನು ಬರೆದರು. ಅವರ ಪ್ರಯತ್ನದ ಫಲವಾಗಿ 1939ರ ಸೆಪ್ಟೆಂಬರಿನಲ್ಲಿ ಆ ಪ್ರದೇಶದಲ್ಲಿ ಒಂದು ವೈದ್ಯಕೀಯ ಶಾಲೆ ಆರಂಭವಾಯಿತು. ಎರಡು ತಿಂಗಳು ಕಳೆಯುವುದರೊಳಗೆ, ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗೆ ತಗುಲಿದ ಗಾಯ ನಂಜಾಗಿ, ನವೆಂಬರ್ 12ರಂದು ಬೆಥೂನ್ ಮರಣಹೊಂದಿದರು. ಶಾಲೆಗೂ ಆಸ್ಪತ್ರೆಗೂ ಅವರ ಹೆಸರನ್ನಿಟ್ಟರು. ಆದರೆ ಅವರ ಸ್ಥಾನವನ್ನು ತುಂಬಬಲ್ಲ ಶಸ್ತ್ರವೈದ್ಯರು ಯಾರೂ ಅಲ್ಲಿರಲಿಲ್ಲ.

ಇತ್ತ ಭಾರತೀಯ ತಂಡ ಕರಗುತ್ತ ಬಂದಿತ್ತು. ಚೋಳ್ಕರ್ ಮತ್ತು ಮುಖರ್ಜಿಯವರು 1939ರಲ್ಲಿ ಸ್ವದೇಶಕ್ಕೆ ಮರಳಿದರು. ಮರುವರ್ಷ ಅನಾರೋಗ್ಯದಿಂದ ಅಟಲ್ ಅವರೂ ಹೊರಟರು. ಕೋಟ್ನಿಸ್ ಮತ್ತು ಬಸು ಇಬ್ಬರೇ ಶತ್ರುಸೈನ್ಯದ ಕಾವಲಿದ್ದ ರೈಲುಮಾರ್ಗಗಳನ್ನು ದಾಟಿ 1940ರಲ್ಲಿ ಆ ಗಡಿಪ್ರದೇಶವನ್ನು ಸೇರಿದರು. ಆ ವರ್ಷದ ಕೊನೆಗೆ ಬಸು ಅವರು ಯೆನಾನಿಗೆ ಹಿಂದಿರುಗಿದರು. ಕೋಟ್ನಿಸ್ ಅಲ್ಲೇ ನಿಂತರು. (ಬಸು ಅವರು 1943ರಲ್ಲಿ ಭಾರತಕ್ಕೆ ಬಂದರು, ಚೀನದ ಸೂಜಿಚಿಕಿತ್ಸೆಯನ್ನು ಮುಂದೆ ಕಲ್ಕತ್ತೆಯಲ್ಲಿ ಬಳಕೆಗೆ ತಂದ ಕೀರ್ತಿ ಅವರದು.)

1940ರ ಆಗಸ್ಟಿನಿಂದ ಡಿಸೆಂಬರಿನವರೆಗೆ ಎಂಟನೆಯ ಮಾರ್ಗ ಸೇನೆಯು ಜಪಾನೀಯರ ರೈಲುಮಾರ್ಗಗಳ ಮೇಲೆಯೂ ಠಾಣ್ಯಗಳ ಮೇಲೆಯೂ ನಡೆಸಿದ ದಾಳಿಗೆ ನೂರು ದಳಗಳ ಕಾರ್ಯಾಚರಣೆ ಎಂದು ಹೆಸರು. ಗಾಯಾಳುಗಳು ಹೊಳೆಯಂತೆ ಬರತೊಡಗಿದರು. ಈ ಕಾಳಗದಲ್ಲಿ ಕೋಟ್ನಿಸ್ 800ಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ಮಾಡಿದರು. ಒಮ್ಮೆ 72 ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ನಿಂತಿದ್ದರು. ಇದು ಸಾಹಸವೇ ಸರಿ. ಅವರನ್ನು ಸ್ಮರಿಸುವವರೆಲ್ಲ ಮೊದಲು ಹೇಳುವುದು ಇದನ್ನೇ. ಆದರೆ ಮೂರು ಹಗಲು ಮೂರು ಇರುಳು ಒಬ್ಬನೇ ನಿಲ್ಲಬೇಕಾಯಿತೆಂದರೆ ಅವನ ಬದಲಿಗೆ ನಿಲ್ಲಬಲ್ಲ ಎರಡನೆಯವನು ಇರಲಿಲ್ಲವೆಂದೇ ಅರ್ಥ. ಮುಂದಿನ ಎರಡು ವರ್ಷ ಕೋಟ್ನಿಸರು ಮಾಡಿದ ಕೆಲಸ ಆ ಎರಡನೆಯವನನ್ನು, ಮೂರನೆಯವನನ್ನು, ನೂರನೆಯವನನ್ನು ತಯಾರು ಮಾಡುವ ಕೆಲಸ.

1941ರ ಜನವರಿಯಲ್ಲಿ ಅವರು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾಗಿ ನೇಮಕಗೊಂಡರು. ಅದರೊಂದಿಗೆ ಬೆಥೂನ್ ವೈದ್ಯಕೀಯ ಶಾಲೆಯಲ್ಲಿ ಶಸ್ತ್ರಚಿಕಿತ್ಸೆಯ ಬೋಧಕರೂ ಆದರು. ಹೆಬೆ ಪ್ರಾಂತದ ತಾಂಗ್ ಜಿಲ್ಲೆಯಲ್ಲಿರುವ ಗೆಗಾಂಗ್ ಎಂಬ ಹಳ್ಳಿಯಲ್ಲಿ ಇವೆರಡೂ ನೆಲೆಗೊಂಡಿದ್ದವು. ಆಸ್ಪತ್ರೆಯೆಂದೊಡನೆ ನಮ್ಮ ಕಣ್ಣಿಗೆ ಬರುವ ಭವ್ಯವಾದ ಕಟ್ಟಡ ಅಲ್ಲಿರಲಿಲ್ಲ. ನಮ್ಮ ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಒಕ್ಕಲುಮಕ್ಕಳ ಊರೊಂದನ್ನು ಭಾವಿಸಿಕೊಳ್ಳಬೇಕು. ಊರಿನವರು ತಮ್ಮ ಮನೆಯ ಪಡಸಾಲೆಯನ್ನು ಗಾಯಾಳುಗಳಿಗೆ ಬಿಟ್ಟುಕೊಡುತ್ತಾರೆ. ಅಲ್ಲೊಂದು ಮನೆ ಶಸ್ತ್ರಚಿಕಿತ್ಸೆಯ ಕೋಣೆ, ಇನ್ನೊಂದು ತರಗತಿ. ಶತ್ರು ಸಮೀಪಿಸಿದನೆಂದು ಸುದ್ದಿ ಬಂದರೆ ರೋಗಿಗಳೂ ವಿದ್ಯಾರ್ಥಿಗಳೂ ಗುಡ್ಡ ಹತ್ತಬೇಕು. ಆಸ್ಪತ್ರೆಯೂ ಶಾಲೆಯೂ ಹೀಗೆ ಊರಿನೊಳಗೇ ಬೆರೆತುಹೋಗಿದ್ದವು.

ಬೋಧಕರಾಗಲು ಕೋಟ್ನಿಸರಿಗೆ ಇದ್ದ ಮೊದಲ ಅಡ್ಡಿ ಭಾಷೆ. ದುಭಾಷಿಯ ಮೂಲಕ ರೋಗಿಯೊಡನೆ ವ್ಯವಹರಿಸುವುದು ಹೇಗೋ ಸಾಧ್ಯ. ಪಾಠ ಹೇಳುವುದು ಕಷ್ಟ. ವಾಕ್ಯವಾಕ್ಯಕ್ಕೂ ನಿಂತು ನಡೆಯುವ ಪಾಠದಲ್ಲಿ ವಿದ್ಯಾರ್ಥಿಯ ಮುಖದ ಸಂದೇಹವನ್ನು ಓದಲು ಬಿಡುವಿರುವುದಿಲ್ಲ. ಕೋಟ್ನಿಸರು ಹಟ ಹಿಡಿದು ಚೀನೀ ಭಾಷೆಯನ್ನು ಕಲಿತರು. ಮಾತನಾಡುವುದನ್ನಷ್ಟೇ ಅಲ್ಲ, ಸಾವಿರಾರು ಚಿತ್ರಾಕ್ಷರಗಳ ಆ ಲಿಪಿಯಲ್ಲಿ ಬರೆಯುವುದನ್ನೂ ಸಾಧಿಸಿದರು. ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಕಲಿತದ್ದನ್ನು ಉತ್ತರ ಚೀನದ ರೈತರ ಮಕ್ಕಳಿಗೆ ಅವರ ನುಡಿಯಲ್ಲಿಯೇ ಬೋಧಿಸತೊಡಗಿದರು. ವೈದ್ಯಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಲಾಗದೆಂದು ವಾದಿಸುವವರು ನಮ್ಮಲ್ಲಿ ಈಗಲೂ ಉಂಟು. ಅವರು ಈ ಸಂಗತಿಯನ್ನು ಲಕ್ಷಿಸಬಹುದು. ಅಲ್ಲಿಯ ಜನ ಅವರನ್ನು ಕೆ ದಿಹುವಾ ಎಂದು ಕರೆದರು. ಆ ಹೆಸರಿನ ಕೊನೆಯಲ್ಲಿರುವ ಹುವಾ ಎಂಬುದು ಚೀನ ದೇಶವನ್ನು ಸೂಚಿಸುವ ಪದ. ತಂಡದ ಐವರ ಚೀನೀ ಹೆಸರಿಗೂ ಅದನ್ನು ಸೇರಿಸಲಾಗಿತ್ತು.

ಎರಡು ಹೊಣೆಗಳನ್ನು ಒಬ್ಬನೇ ಹೊರುವುದು ಹೇಳಿದಷ್ಟು ಸುಲಭವಲ್ಲ. ರೋಗಿಯ ನರಳಾಟಕ್ಕೆ ಹೊತ್ತುಗೊತ್ತಿಲ್ಲ. ತರಗತಿಗಾದರೋ ನಿಯಮಿತವಾದ ವೇಳೆ ಬೇಕು. ಗಾಯಾಳುವೊಬ್ಬ ಮೇಜಿನ ಮೇಲಿರುವಾಗ ವಿದ್ಯಾರ್ಥಿಯ ಕೈಗೆ ಕತ್ತಿಯನ್ನು ಕೊಡಬೇಕಾದರೆ ಗುರುವಿನ ಎದೆ ಗಟ್ಟಿಯಾಗಿರಬೇಕು. ತಾನೇ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ರೋಗಿಗೂ ಕ್ಷೇಮ. ಕೊಡದಿದ್ದರೆ ವಿದ್ಯಾರ್ಥಿ ಎಂದೆಂದಿಗೂ ಕಲಿಯಲಾರ, ನಾಳೆ ಬರುವ ಹತ್ತು ಜನ ಗಾಯಾಳುಗಳಿಗೆ ಗತಿಯಿಲ್ಲ. ಜಗತ್ತಿನ ಎಲ್ಲ ವೈದ್ಯಬೋಧಕರೂ ದಿನನಿತ್ಯ ಎದುರಿಸುವ ಧರ್ಮಸಂಕಟ ಇದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಆಸ್ಲರ್ ಅವರು ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ರೋಗಿಯ ಹಾಸಿಗೆಯ ಬಳಿಗೆ ಕರೆತಂದು, ಅವರಿಗೆ ಅಲ್ಲಿಯೇ ಹೊಣೆ ವಹಿಸಿ ಕಲಿಸುವ ಕ್ರಮವನ್ನು ನೆಲೆಗೊಳಿಸಿದ್ದರು. ಅಲ್ಲಿ ಕೈತಪ್ಪಿದರೆ ಸರಿಪಡಿಸಲು ಹಿರಿಯರ ಪಡೆಯೇ ಪಕ್ಕದಲ್ಲಿರುತ್ತಿತ್ತು. ಗೆಗಾಂಗಿನಲ್ಲಿ ಹಿರಿಯರೆಂದರೆ ಮೂವತ್ತರ ಕೋಟ್ನಿಸರೇ.

ಶಾಲೆಯಲ್ಲಿ ದಾದಿಯರ ಶಿಕ್ಷಣವನ್ನು ನೋಡಿಕೊಳ್ಳುತ್ತಿದ್ದ ಗುವೋ ಚಿಂಗ್‌ಲಾನ್ ಎಂಬ ಬೋಧಕಿಯನ್ನು ಕೋಟ್ನಿಸರು 1941ರ ನವೆಂಬರಿನಲ್ಲಿ ವಿವಾಹವಾದರು. ಷಾನ್ಸಿ ಪ್ರಾಂತದ ಫೆನ್‌ಯಾಂಗಿನವರಾದ ಆಕೆ ಜಪಾನೀಯರ ವಶದಲ್ಲಿದ್ದ ಪ್ರದೇಶವನ್ನು ಬಿಟ್ಟು ಬಂದು ಸೇನೆಯನ್ನು ಸೇರಿದ್ದರು. 1942ರ ಆಗಸ್ಟಿನಲ್ಲಿ ಗಂಡು ಮಗು ಹುಟ್ಟಿತು. ಆ ಪ್ರದೇಶದ ದಂಡನಾಯಕ ನಿಯೆ ರಾಂಗ್‌ಜೆನ್ ಅವರು ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನ.

ಇಷ್ಟರಲ್ಲಿ ಕೋಟ್ನಿಸರ ದೇಹ ಸೋಲತೊಡಗಿತ್ತು. ಅರೆಹೊಟ್ಟೆ, ಅವಿಶ್ರಾಂತ ದುಡಿಮೆ, ಉತ್ತರ ಚೀನದ ಕೊರೆಯುವ ಚಳಿ. ಇವುಗಳ ಜೊತೆಗೆ ಅಪಸ್ಮಾರ. ಮೂರ್ಛೆ ಮತ್ತೆ ಮತ್ತೆ ಬರುತ್ತಿತ್ತು. ಆ ರೋಗದ ಲಕ್ಷಣವೂ ಅದು ಒಯ್ಯುವ ದಾರಿಯೂ ವೈದ್ಯರಾದ ಅವರಿಗೆ ತಿಳಿಯದ್ದೇನಲ್ಲ. ಆ ಪ್ರದೇಶವನ್ನು ಬಿಟ್ಟು ಬೇರೆಡೆ ಹೋಗಿ ಚಿಕಿತ್ಸೆ ಪಡೆಯಬೇಕೆಂದು ಮೇಲಧಿಕಾರಿಗಳೂ ಸಹೋದ್ಯೋಗಿಗಳೂ ಹೇಳಿದರು. ಅವರು ಒಪ್ಪಲಿಲ್ಲ. ಮೂರ್ಛೆಯಿಂದ ಎಚ್ಚೆತ್ತು ಮತ್ತೆ ಕೆಲಸಕ್ಕೆ ತೊಡಗುತ್ತಿದ್ದರು. ಈ ಹಟವನ್ನು ಮೆಚ್ಚಬೇಕೋ ಮರುಗಬೇಕೋ ಹೇಳುವುದು ಕಷ್ಟ. ರೋಗಿಯೊಬ್ಬ ಹೀಗೆ ಹಟ ಹಿಡಿದಿದ್ದರೆ ಅವರೇ ಅದಕ್ಕೆ ಸಮ್ಮತಿಸುತ್ತಿರಲಿಲ್ಲ.

ಆ ದಿನಗಳಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಒಂದು ಪುಸ್ತಕ. ವಿದ್ಯಾರ್ಥಿಗಳ ಕೈಯಲ್ಲಿ ಪಠ್ಯವಿರಲಿಲ್ಲ. ಬೋಧಕ ಹೇಳಿದ್ದನ್ನು ಬರೆದುಕೊಂಡರೆ ಉಂಟು; ದಾಳಿಯ ಗಲಿಬಿಲಿಯಲ್ಲಿ ಆ ಟಿಪ್ಪಣಿ ಕಳೆದರೆ ಅದೂ ಇಲ್ಲ. ಶಾಲೆಯಿಂದ ಹೊರಬಿದ್ದ ವಿದ್ಯಾರ್ಥಿ ಯಾವುದೋ ದೂರದ ದಳದಲ್ಲಿ ಒಬ್ಬನೇ ನಿಂತು ಕೆಲಸ ಮಾಡಬೇಕು. ಸಂದೇಹ ಬಂದರೆ ಕೇಳಲು ಗುರುವಿಲ್ಲ. ಗುರುವಿನ ಬದಲಿಗೆ ಅವನ ಜೋಳಿಗೆಯಲ್ಲಿ ಪುಸ್ತಕವಿರಬೇಕು. ಕೋಟ್ನಿಸರು ಹಗಲು ಆಸ್ಪತ್ರೆಯ ಕೆಲಸವನ್ನು ಮುಗಿಸಿ, ರಾತ್ರಿ ಕುಳಿತು ಶಸ್ತ್ರಚಿಕಿತ್ಸೆಯ ಸಾಮಾನ್ಯ ತತ್ತ್ವಗಳನ್ನು ಕುರಿತ ಪಠ್ಯವೊಂದನ್ನು ಚೀನೀ ಭಾಷೆಯಲ್ಲಿ ಬರೆದು ಪೂರೈಸಿದರು. ಬಳಿಕ ದೇಹದ ಒಂದೊಂದು ಭಾಗದ ಶಸ್ತ್ರಚಿಕಿತ್ಸೆಯನ್ನೂ ವಿವರಿಸುವ ಎರಡನೆಯ ಪುಸ್ತಕವನ್ನು ಆರಂಭಿಸಿದರು. 1942ರ ಡಿಸೆಂಬರ್ 8ರ ರಾತ್ರಿ ಮೂರ್ಛೆ ಬಂದಿತು. ಒಂದರ ಹಿಂದೆ ಒಂದರಂತೆ ಮರುಕಳಿಸಿತು. ಸಂಗಡಿಗರಾದ ವೈದ್ಯರು ಮಾಡಿದ ಉಪಚಾರ ಫಲಿಸಲಿಲ್ಲ. 9ರ ಬೆಳಗಿನ ಜಾವ ಕೋಟ್ನಿಸ್ ಪ್ರಾಣ ಬಿಟ್ಟರು. ಅವರಿಗೆ ಆಗ ಮೂವತ್ತೆರಡು ವರ್ಷ. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಎರಡನೆಯ ಪುಸ್ತಕ ಅರ್ಧದಲ್ಲೇ ನಿಂತಿತು.

ಅವರ ಕಥೆ ಬೇಗನೆ ಭಾರತವನ್ನು ಮುಟ್ಟಿತು. ಖ್ವಾಜಾ ಅಹಮದ್ ಅಬ್ಬಾಸರು ಅದನ್ನು ಪುಸ್ತಕವಾಗಿ ಬರೆದರು, 1946ರಲ್ಲಿ ವಿ. ಶಾಂತಾರಾಮರು ಚಲನಚಿತ್ರವಾಗಿ ತೆಗೆದು ತಾವೇ ಕೋಟ್ನಿಸರ ಪಾತ್ರವನ್ನು ವಹಿಸಿದರು. 1962ರ ಯುದ್ಧದಿಂದ ಎರಡು ದೇಶಗಳ ನಡುವಿನ ಸ್ನೇಹ ಮುರಿದುಬಿದ್ದಾಗಲೂ ಆ ಹೆಸರು ಅಳಿಯಲಿಲ್ಲ. 1982ರಲ್ಲಿ ಚೀನವೂ 1993ರಲ್ಲಿ ಭಾರತವೂ ಅವರ ಸ್ಮರಣೆಗಾಗಿ ಅಂಚೆಚೀಟಿಗಳನ್ನು ಹೊರತಂದವು. ಸೊಲ್ಲಾಪುರದಲ್ಲಿ ಅವರ ಮನೆ ಸ್ಮಾರಕವಾಗಿದೆ. ಮಗ ಯಿನ್‌ಹುವಾ ತಂದೆಯಂತೆಯೇ ವೈದ್ಯಶಾಸ್ತ್ರದ ಅಧ್ಯಯನಕ್ಕೆ ತೊಡಗಿದ್ದನು. 1967ರಲ್ಲಿ, ಇಪ್ಪತ್ತೈದನೆಯ ಪ್ರಾಯದ ಆಸುಪಾಸಿನಲ್ಲಿ ತೀರಿಕೊಂಡನು. ಗುವೋ ಚಿಂಗ್‌ಲಾನ್ ದೀರ್ಘಕಾಲ ಬಾಳಿ, ಹಲವು ಬಾರಿ ಭಾರತಕ್ಕೆ ಬಂದುಹೋಗಿ, 2012ರಲ್ಲಿ ನಿಧನರಾದರು.

ಕೋಟ್ನಿಸರ ಸಮಾಧಿ ಈಗ ಹೆಬೆ ಪ್ರಾಂತದ ಷಿಜಿಯಾಜುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿದೆ. ಬೆಥೂನರ ಸಮಾಧಿಯೂ ಅಲ್ಲಿಯೇ ಇದೆ. ಯುದ್ಧಾನಂತರ ಅವರ ಆಸ್ಪತ್ರೆ ಅದೇ ನಗರದಲ್ಲಿ ನೆಲೆನಿಂತು ದೊಡ್ಡದಾಗಿ ಬೆಳೆಯಿತು. ಹಳ್ಳಿಯಿಂದ ಹಳ್ಳಿಗೆ ಅಲೆಯುತ್ತಿದ್ದ ಆ ಶಾಲೆ ಮುಂದೆ ಈಶಾನ್ಯ ಚೀನದ ಚಾಂಗ್‌ಚುನ್ ನಗರದಲ್ಲಿ ಬೆಥೂನ್ ವೈದ್ಯಕೀಯ ವಿಶ್ವವಿದ್ಯಾನಿಲಯವಾಯಿತು. 2000ದಲ್ಲಿ ಜಿಲಿನ್ ವಿಶ್ವವಿದ್ಯಾನಿಲಯದಲ್ಲಿ ವಿಲೀನವಾಯಿತು. 1992ರಲ್ಲಿ ಷಿಜಿಯಾಜು‌ವಾಂಗ್‌ನಲ್ಲಿ ಕೋಟ್ನಿಸರ ಹೆಸರಿನಲ್ಲಿಯೇ ಒಂದು ವೈದ್ಯಕೀಯ ಶಾಲೆ ಆರಂಭವಾಗಿದೆ. ಅಲ್ಲಿ ಕಲಿಯುವ ಹುಡುಗರೂ ಹುಡುಗಿಯರೂ ಕೆಲಸಕ್ಕೆ ಸೇರುವ ಮುನ್ನ ಅವರ ಪ್ರತಿಮೆಯ ಮುಂದೆ ನಿಂತು ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ.